ದ್ರಾಕ್ಷಿ ಸುಗ್ಗಿ ಮುಗಿಯಲಿ, ಆಮೇಲೆ ಅಪ್‌ಗ್ರೇಡ್

ಜನವರಿಯಿಂದ ಏಪ್ರಿಲ್‌ವರೆಗೆ ನಾಸಿಕ್ ಜಿಲ್ಲೆಯಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ದಿಂಡೋರಿ, ನಿಫಾಡ್, ಪಿಂಪಳಗಾವ್ ಬಸವಂತ ಕಡೆ ಹೋದರೆ ರಸ್ತೆ ತುಂಬ ಕ್ರೇಟು ಹೇರಿದ ಪಿಕಪ್ ಗಾಡಿಗಳು, ಪ್ಯಾಕ್‌ಹೌಸ್‌ಗಳ ಮುಂದೆ ಕಾದು ನಿಂತ ಕಂಟೇನರ್‌ಗಳು, ಒಳಗೆ ಸಾಲಾಗಿ ಕೂತು ಕತ್ತರಿಯಲ್ಲಿ ಗೊಂಚಲು ಸರಿಪಡಿಸುವ ಹೆಂಗಸರು. ಇಲ್ಲಿಯ ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿ ನ್ಹಾವಾ ಶೇವಾ ಬಂದರಿನಿಂದ ಹಡಗು ಹತ್ತಿ ನೆದರ್‌ಲ್ಯಾಂಡ್ಸ್, ಬ್ರಿಟನ್ ಕಡೆ ಹೋಗುತ್ತದೆ. ಆ ನಾಲ್ಕು ತಿಂಗಳು ಸರ್ವರ್ ಇಟ್ಟಿರುವ ಕೋಣೆಯ ಬಾಗಿಲು ತೆಗೆದರೂ ಜನ ಅನುಮಾನದಿಂದ ನೋಡುತ್ತಾರೆ.

ನಾನು ವಿಜಯಪುರದವನು. ಧಾರವಾಡದಲ್ಲಿ ಎಂ.ಸಿ.ಎ. ಮುಗಿಸಿ, ಪುಣೆಯಲ್ಲಿ ಕೆಲವು ವರ್ಷ ಕಳೆದು, ಈಗ ನಾಸಿಕ್‌ನಲ್ಲಿದ್ದೇನೆ. ಹಾಗೆ ನೋಡಿದರೆ ದ್ರಾಕ್ಷಿ ನನಗೆ ಹೊಸದಲ್ಲ. ತಿಕೋಟಾ ಕಡೆಯ ಒಣದ್ರಾಕ್ಷಿ ಶೆಡ್‌ಗಳನ್ನು ನೋಡುತ್ತಲೇ ಬೆಳೆದವನು. ಆದರೆ ದ್ರಾಕ್ಷಿಯ ಹಿಂದೆ ಒಂದು ಡೇಟಾಬೇಸ್ ಇರುತ್ತದೆ, ಅದು ನಿಂತರೆ ಕಂಟೇನರ್ ಕೂಡ ನಿಲ್ಲುತ್ತದೆ ಎನ್ನುವುದು ಇಲ್ಲಿಗೆ ಬಂದ ಮೇಲೆ ತಿಳಿದದ್ದು.

ಯುರೋಪಿಗೆ ಹೋಗುವ ಪ್ರತಿ ಪೆಟ್ಟಿಗೆಯೂ ತಾನು ಯಾವ ತೋಟದ್ದು ಎಂದು ಹೇಳಬೇಕು. ಅದಕ್ಕಾಗಿ ಅಪೇಡಾ ಸಂಸ್ಥೆಯ ಗ್ರೇಪ್‌ನೆಟ್ ಎಂಬ ವ್ಯವಸ್ಥೆ ಇದೆ. ತೋಟದ ನೋಂದಣಿ, ಕೀಟನಾಶಕದ ಶೇಷ ಪರೀಕ್ಷೆಯ ವರದಿ, ಪ್ಯಾಕ್‌ಹೌಸ್, ಕಂಟೇನರ್ ಎಲ್ಲವನ್ನೂ ಅದು ಒಂದಕ್ಕೊಂದು ಜೋಡಿಸುತ್ತದೆ. 2010ರಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ರಾಸಾಯನಿಕದ ಶೇಷ ಸಿಕ್ಕಿತೆಂದು ಭಾರತದ ದ್ರಾಕ್ಷಿಗೆ ಯುರೋಪಿನಲ್ಲಿ ತಡೆ ಬಿತ್ತು. ರೈತರಿಗೂ ರಫ್ತುದಾರರಿಗೂ ದೊಡ್ಡ ಪೆಟ್ಟು. ಇಲ್ಲಿನ ಹಿರಿಯರು ಈಗಲೂ ಆ ವರ್ಷದ ಮಾತು ಬಂದರೆ ದನಿ ತಗ್ಗಿಸುತ್ತಾರೆ. ಅಂದಿನಿಂದ ಪ್ಯಾಕ್‌ಹೌಸ್‌ನವರಿಗೆ ದಾಖಲೆ ಎಂದರೆ ಕಾಗದದ ಕೆಲಸವಲ್ಲ, ಮಾಲಿನ ಒಂದು ಭಾಗ.

ನಾನು ನೋಡಿಕೊಳ್ಳುವ ರಫ್ತು ಸಂಸ್ಥೆಯೊಂದಕ್ಕೆ ಎರಡು ಸರ್ವರ್‌ಗಳಿವೆ. ಮುಖ್ಯವಾದದ್ದು ನಾಸಿಕ್ ಬಳಿಯ ಪ್ಯಾಕ್‌ಹೌಸ್‌ನಲ್ಲಿ. ಅದರ ಪ್ರತಿ, ಅಂದರೆ ರೆಪ್ಲಿಕಾ, ಇನ್ನೂರು ಕಿಲೋಮೀಟರ್ ಹತ್ತಿರ ದೂರದ ಛತ್ರಪತಿ ಸಂಭಾಜಿನಗರದಲ್ಲಿ. ಮಾಲೀಕರ ಊರು ಅದು. ಅವರ ಮೋಸಂಬಿ ವ್ಯಾಪಾರವೂ ಲೆಕ್ಕಪತ್ರ ವಿಭಾಗವೂ ಚಿಕಲ್‌ಠಾಣಾದ ಕಚೇರಿಯಲ್ಲಿವೆ. ನಾಸಿಕ್‌ನಲ್ಲಿ ತೂಕ ಹಾಕಿದ ಕ್ರೇಟಿನ ಲೆಕ್ಕ ಕೆಲವೇ ಕ್ಷಣಗಳಲ್ಲಿ ಅಲ್ಲಿಗೆ ತಲುಪುತ್ತದೆ. ರೈತನಿಗೆ ದುಡ್ಡು ಹೋಗುವುದು ಅಲ್ಲಿಂದ.

ಎರಡೂ ಕಡೆ ಓಡುತ್ತಿದ್ದದ್ದು ಮೈಎಸ್‌ಕ್ಯುಎಲ್ 5.7. 2015ರಲ್ಲಿ ಬಂದ ವರ್ಷನ್. 2023ರ ಅಕ್ಟೋಬರ್‌ಗೆ ಅದರ ಬೆಂಬಲ ಮುಗಿಯಿತು. ಬೆಂಬಲ ಮುಗಿಯುವುದೆಂದರೆ ಸಾಫ್ಟ್‌ವೇರ್ ನಿಂತುಹೋಗುವುದಿಲ್ಲ. ಮರುದಿನವೂ ಅದೇ ಹುರುಪಿನಿಂದ ಓಡುತ್ತದೆ. ಆದರೆ ಇನ್ನು ಮುಂದೆ ಅದರಲ್ಲಿ ಭದ್ರತೆಯ ಬಿರುಕು ಕಂಡರೆ ಮುಚ್ಚಿಕೊಡುವವರಿಲ್ಲ.

ಮಾಲೀಕರ ಮೊದಲ ಪ್ರಶ್ನೆ ನಾವೆಲ್ಲ ಕೇಳಿ ಕೇಳಿ ಬಲ್ಲದ್ದೇ: ‘ಓಡ್ತಾ ಇದೆಯಲ್ಲ, ಯಾಕೆ ಮುಟ್ಟಬೇಕು?’ ಪ್ರಶ್ನೆ ದಡ್ಡತನದ್ದಲ್ಲ. ಮುಟ್ಟಿದರೆ ಕೆಡಬಹುದು ಎನ್ನುವುದು ನಿಜ. ಮುಟ್ಟದಿದ್ದರೂ ಒಂದು ದಿನ ಕೆಡುತ್ತದೆ, ಆ ದಿನವನ್ನು ಆಯ್ದುಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿರುವುದಿಲ್ಲ ಎಂದೆ. ಅದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ವಿದೇಶಿ ಖರೀದಿದಾರರು ಕಳಿಸಿದ ಪ್ರಶ್ನಾವಳಿ. ‘ಬೆಂಬಲವಿಲ್ಲದ ಸಾಫ್ಟ್‌ವೇರ್ ಬಳಸುತ್ತೀರಾ?’ ಎಂಬ ಸಾಲು ಅದರಲ್ಲಿತ್ತು.

ಅಕ್ಟೋಬರ್‌ನಲ್ಲಿ ದ್ರಾಕ್ಷಿ ಬಳ್ಳಿಯ ಚಾಟಣಿ, ಅದರ ಹಿಂದೆಯೇ ತೋಟಗಳ ನೋಂದಣಿ. ಆಗ ಆಗುವುದಿಲ್ಲ. ಹಾಗಾಗಿ 2024ರ ಮಳೆಗಾಲಕ್ಕೆ ಕಾಯುವುದೆಂದು ನಿಶ್ಚಯವಾಯಿತು. ಜೂನ್ ಇಡೀ ತಯಾರಿಗೆ, ಜುಲೈನಲ್ಲಿ ಕೆಲಸ.

ಡೇಟಾಬೇಸ್ ಅಪ್‌ಗ್ರೇಡ್ ಎಂದರೆ ಫೋನಿನಲ್ಲಿ ಆ್ಯಪ್ ಅಪ್‌ಡೇಟ್ ಮಾಡಿದ ಹಾಗೆ ಎಂದುಕೊಳ್ಳುವವರಿದ್ದಾರೆ. ಒಂದು ವ್ಯತ್ಯಾಸವಿದೆ. 5.7ರಲ್ಲಿ ಪ್ರತಿ ಟೇಬಲ್ಲಿನ ರಚನೆಯ ವಿವರ ಬೇರೆ ಬೇರೆ ಫೈಲುಗಳಲ್ಲಿ ಇರುತ್ತಿತ್ತು. 8.0 ಆ ಫೈಲುಗಳನ್ನು ತೆಗೆದುಹಾಕಿ, ಎಲ್ಲವನ್ನೂ ತನ್ನದೇ ಒಳಗಿನ ಒಂದು ನಿಘಂಟಿನಲ್ಲಿ ಬರೆದುಕೊಳ್ಳುತ್ತದೆ. ಹಳೆಯ ಕರಣಿಕ ಮೋಡಿಯಲ್ಲಿ ಬರೆದಿಟ್ಟ ಖಾತೆಯನ್ನು ಹೊಸಬ ಬಂದು ದೇವನಾಗರಿಗೆ ಇಳಿಸಿ ಹಳೆಯ ಹಾಳೆಗಳನ್ನು ಹರಿದು ಹಾಕಿದಂತೆ. ಹೊಸದು ಅಚ್ಚುಕಟ್ಟಾಗಿಯೇ ಇದೆ, ಆದರೆ ಹಳೆಯ ಕರಣಿಕನನ್ನು ವಾಪಸ್ ಕರೆದರೆ ಅವನಿಗೆ ಓದಲು ಬರುವುದಿಲ್ಲ. 8.0ರಿಂದ 5.7ಕ್ಕೆ ಇಳಿಯುವ ದಾರಿ ಇಲ್ಲವೆಂದು ಮೈಎಸ್‌ಕ್ಯುಎಲ್‌ನ ಕೈಪಿಡಿಯೇ ಸ್ಪಷ್ಟವಾಗಿ ಹೇಳುತ್ತದೆ. ವಾಪಸ್ ಬರಬೇಕೆಂದರೆ ಅಪ್‌ಗ್ರೇಡ್‌ಗೆ ಮುಂಚೆ ತೆಗೆದಿಟ್ಟ ಬ್ಯಾಕಪ್ ಒಂದೇ ಗತಿ.

ಆದ್ದರಿಂದ ಸುರಕ್ಷಿತ ಅಪ್‌ಗ್ರೇಡ್ ಎಂದರೆ ನನ್ನ ಲೆಕ್ಕದಲ್ಲಿ ಎರಡೇ ಪ್ರಶ್ನೆ: ಹಿಂದಕ್ಕೆ ಬರುವ ದಾರಿ ಯಾವುದು? ಆ ದಾರಿ ಯಾವ ಗಳಿಗೆಯಲ್ಲಿ ಮುಚ್ಚುತ್ತದೆ? ಮಿಕ್ಕ ಕಮಾಂಡುಗಳೆಲ್ಲ ಕೈಪಿಡಿಯಲ್ಲಿ ಸಿಗುತ್ತವೆ.

ಬ್ಯಾಕಪ್‌ನಿಂದ ಶುರು ಮಾಡಿದೆವು. ಪ್ರತಿ ರಾತ್ರಿ ಎರಡು ಗಂಟೆಗೆ ಬ್ಯಾಕಪ್ ಆಗುತ್ತಿತ್ತು. ಬೆಳಿಗ್ಗೆ ‘ಯಶಸ್ವಿ’ ಎಂದು ಮೇಲ್ ಬರುತ್ತಿತ್ತು. ಆ ಏರ್ಪಾಟು ನಾನು ಬರುವ ಮುಂಚಿನದು. ಸಂಭಾಜಿನಗರದಲ್ಲಿ ಸುಮ್ಮನೆ ಬಿದ್ದಿದ್ದ ಒಂದು ಹಳೆಯ ಕಂಪ್ಯೂಟರಿನಲ್ಲಿ ಖಾಲಿ 5.7 ಹಾಕಿ, ಆ ಬ್ಯಾಕಪ್ ಅನ್ನು ಅದರೊಳಗೆ ಸುರಿದು ನೋಡಿದೆವು. ಎರಡು ವಿಷಯ ತಿಳಿದವು. ಒಂದು, ಬ್ಯಾಕಪ್ ತೆಗೆಯಲು ನಲವತ್ತು ನಿಮಿಷ ಸಾಕು, ಆದರೆ ವಾಪಸ್ ತುಂಬಲು ಐದು ಗಂಟೆ ಮೇಲೆ ಹಿಡಿಯುತ್ತದೆ. ಎರಡು, ಟೇಬಲ್ಲುಗಳೆಲ್ಲ ಬಂದವು, ಡೇಟಾಬೇಸಿನ ಒಳಗೆ ಬರೆದಿಟ್ಟ ಪ್ರೊಸೀಜರ್‌ಗಳು ಒಂದೂ ಬರಲಿಲ್ಲ. ಮೈಎಸ್‌ಕ್ಯುಎಲ್‌ಡಂಪ್ ಎಂಬ ಸಾಧನ ಟ್ರಿಗರ್‌ಗಳನ್ನು ತಾನಾಗಿ ತೆಗೆದುಕೊಳ್ಳುತ್ತದೆ. ಪ್ರೊಸೀಜರ್‌ಗಳನ್ನೂ ನಿಗದಿತ ವೇಳೆಗೆ ಓಡುವ ಇವೆಂಟ್‌ಗಳನ್ನೂ ತೆಗೆದುಕೋ ಎಂದು ಬೇರೆಯಾಗಿ ಹೇಳದಿದ್ದರೆ ಬಿಟ್ಟುಬಿಡುತ್ತದೆ. ರೈತರ ಬಿಲ್ಲಿನಿಂದ ಏನೇನು ಕಡಿತ ಮಾಡಬೇಕೆಂಬ ಲೆಕ್ಕವೆಲ್ಲ ಇದ್ದದ್ದು ಆ ಪ್ರೊಸೀಜರ್‌ಗಳಲ್ಲೇ. ವರ್ಷಗಟ್ಟಲೆ ಬಂದ ‘ಯಶಸ್ವಿ’ ಮೇಲ್‌ಗಳು ಹೇಳುತ್ತಿದ್ದದ್ದು ಅರ್ಧ ಸತ್ಯ.

ಇದು ಸಣ್ಣ ಊರಿನ ಸಣ್ಣ ಸಂಸ್ಥೆಯ ಕಥೆ ಮಾತ್ರವಲ್ಲ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಸಂಸ್ಥೆಯ ಒಬ್ಬ ಎಂಜಿನಿಯರ್ ರೆಪ್ಲಿಕಾ ಎಂದುಕೊಂಡು ಮುಖ್ಯ ಸರ್ವರ್‌ನ ಡೇಟಾವನ್ನೇ ಅಳಿಸಿಬಿಟ್ಟರು. ಸರಿ, ಬ್ಯಾಕಪ್ ಇದೆಯಲ್ಲ ಎಂದು ಹುಡುಕಿದರೆ ಬ್ಯಾಕಪ್ ಇರಬೇಕಾದ ಜಾಗ ಖಾಲಿ. ಕಾರಣ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ಅವರ ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6ಕ್ಕೆ ಏರಿತ್ತು, ಬ್ಯಾಕಪ್ ತೆಗೆಯುವ ಸಾಧನ ಮಾತ್ರ 9.2ರದ್ದೇ ಓಡುತ್ತಿತ್ತು. ವರ್ಷನ್ ಹೊಂದದೆ ಅದು ಪ್ರತಿ ಸಲ ಸೋಲುತ್ತಿತ್ತು. ಸೋತೆ ಎಂದು ಅದು ಕಳಿಸುತ್ತಿದ್ದ ಮೇಲ್‌ಗಳೂ ತಿರಸ್ಕೃತವಾಗಿ ಯಾರನ್ನೂ ತಲುಪುತ್ತಿರಲಿಲ್ಲ. ಬೇರೊಂದು ಕೆಲಸಕ್ಕೆಂದು ಆರು ಗಂಟೆ ಮುಂಚೆ ತೆಗೆದಿದ್ದ ಒಂದು ಪ್ರತಿ ಸಿಕ್ಕಿ ಅವರು ಬದುಕಿಕೊಂಡರು. ಆಮೇಲೆ ನಡೆದದ್ದನ್ನೆಲ್ಲ ಮುಚ್ಚಿಡದೆ ಲೋಕಕ್ಕೆ ಬರೆದು ತಿಳಿಸಿದರು. ಆ ಬರಹವನ್ನು ನಾನು ಹೊಸಬರಿಗೆ ಮೊದಲ ದಿನವೇ ಓದಲು ಕೊಡುತ್ತೇನೆ.

ಬ್ಯಾಕಪ್ ಸರಿಪಡಿಸಿಕೊಂಡ ಮೇಲೆ ಮುಂದಿನದು ಪರೀಕ್ಷಕ. ಮೈಎಸ್‌ಕ್ಯುಎಲ್ ಶೆಲ್‌ನಲ್ಲಿ ಅಪ್‌ಗ್ರೇಡ್‌ಗೆ ಮುಂಚೆ ಓಡಿಸುವ ಒಂದು ತಪಾಸಣೆ ಇದೆ. ಅದು ಏನನ್ನೂ ಬದಲಾಯಿಸುವುದಿಲ್ಲ, ಸುಮ್ಮನೆ ನೋಡಿ ಪಟ್ಟಿ ಕೊಡುತ್ತದೆ. ನಮ್ಮ ಪಟ್ಟಿಯಲ್ಲಿ ನಗು ಬರಿಸಿದ ಎರಡು ಸಾಲುಗಳಿದ್ದವು. ರೈತ ಗುಂಪುಗಳ ಟೇಬಲ್ಲಿಗೆ ‘ಗ್ರೂಪ್ಸ್’ ಎಂದು ಹೆಸರಿತ್ತು. ದ್ರಾಕ್ಷಿಯ ದರ್ಜೆ ಬರೆಯುವ ಅಂಕಣಕ್ಕೆ ‘ರ‍್ಯಾಂಕ್’ ಎಂದು. 8.0ರಲ್ಲಿ ಆ ಎರಡೂ ಪದಗಳನ್ನು ಡೇಟಾಬೇಸ್ ತನ್ನ ಸ್ವಂತ ಕೆಲಸಕ್ಕೆ ಕಾಯ್ದಿರಿಸಿಕೊಂಡಿದೆ. ಹಳೆಯ ಪ್ರೋಗ್ರಾಮುಗಳು ಅವನ್ನು ಬರಿದೇ ಬರೆದರೆ ತಪ್ಪು ಎಂದು ಹಿಂದಿರುಗಿಸುತ್ತದೆ. ಉದ್ಧರಣ ಚಿಹ್ನೆಯಂಥ ಬ್ಯಾಕ್‌ಟಿಕ್ ಹಾಕಿದರೆ ಮುಗಿಯಿತು, ಆದರೆ ಅದನ್ನು ಹಾಕಬೇಕಾದ ಜಾಗಗಳು ನೂರಾರು.

ಕಾನ್ಫಿಗರೇಷನ್ ಫೈಲಿನಲ್ಲೂ ಹಾಗೆಯೇ. ಒಂದು ಕಾಲದಲ್ಲಿ ಎಲ್ಲರೂ ಹಾಕುತ್ತಿದ್ದ ಕ್ವೆರಿ ಕ್ಯಾಶ್ ಸಾಲುಗಳು ನಮ್ಮದರಲ್ಲೂ ಇದ್ದವು. 8.0ರಿಂದ ಆ ಸೌಲಭ್ಯವನ್ನೇ ತೆಗೆದಿದ್ದಾರೆ. ಆ ಸಾಲು ಕಂಡರೆ ಸರ್ವರ್ ಎಚ್ಚರಿಕೆ ಕೊಡುವುದಿಲ್ಲ, ಏಳುವುದೇ ಇಲ್ಲ. ನಡುರಾತ್ರಿ ಎರಡಕ್ಕೆ ಏಳದ ಸರ್ವರ್ ಮುಂದೆ ಕೂತು ಇದನ್ನು ಹುಡುಕುವುದಕ್ಕಿಂತ ಜೂನ್ ತಿಂಗಳ ಮಧ್ಯಾಹ್ನ ಚಹಾ ಕುಡಿಯುತ್ತ ಹುಡುಕುವುದು ಮೇಲು. ಹೊಸ ವರ್ಷನ್‌ನಲ್ಲಿ ಪಾಸ್‌ವರ್ಡ್ ಪರಿಶೀಲಿಸುವ ವಿಧಾನವೂ ಬೇರೆ. ಹಳೆಯ ಬಳಕೆದಾರರಿಗೆ ಹಳೆಯ ವಿಧಾನವೇ ಉಳಿಯುತ್ತದೆ, ಹೊಸದಾಗಿ ಸೃಷ್ಟಿಸಿದವರಿಗೆ ಹೊಸದು. ತೂಕದ ಕಾಟಾದ ಪಕ್ಕದ ಕಂಪ್ಯೂಟರಿನ ಹಳೆಯ ಡ್ರೈವರ್‌ಗೆ ಹೊಸದು ಅರ್ಥವಾಗಲಿಲ್ಲ. ಅದಕ್ಕೊಂದು ಹೊಸ ಡ್ರೈವರ್ ಹುಡುಕಿದೆವು.

ಇಷ್ಟರವರೆಗೆ ಸಿಕ್ಕವೆಲ್ಲ ಸದ್ದು ಮಾಡುವ ತೊಂದರೆಗಳು. ಎಲ್ಲೋ ಕೆಂಪು ಅಕ್ಷರ ಬರುತ್ತದೆ, ಏನೋ ನಿಲ್ಲುತ್ತದೆ, ಹುಡುಕಿ ಸರಿಪಡಿಸುತ್ತೇವೆ. ಸದ್ದಿಲ್ಲದ ತೊಂದರೆಯನ್ನು ಹಿಡಿದುಕೊಟ್ಟವರು ಕಾಕಾ.

ಸಂಭಾಜಿನಗರದ ಕಚೇರಿಯಲ್ಲಿ ರೈತರ ಪಾವತಿ ನೋಡುವ ಹಿರಿಯರನ್ನು ಎಲ್ಲರೂ ಕರೆಯುವುದು ಕಾಕಾ ಎಂದೇ. ಮರಾಠಿಯಲ್ಲೂ ಅದೇ, ನಮ್ಮ ಕಡೆಯ ಕನ್ನಡದಲ್ಲೂ ಅದೇ. ಮೊದಲ ಸಲ ಹೋದಾಗ ಮರಾಠಿಯಲ್ಲೇ ಮಾತಾಡಿದ್ದೆ. ನಾನು ಫೋನಿನಲ್ಲಿ ಅವ್ವನ ಜೊತೆ ಮಾತಾಡುವುದು ಕಿವಿಗೆ ಬಿದ್ದು ಅವರು ಹತ್ತಿರ ಬಂದರು: ‘ಯಾವೂರ್ರೀ ತಮ್ಮಾರ?’ ಅವರು ಅಕ್ಕಲಕೋಟೆ ಕಡೆಯವರು. ಮನೆಮಾತು ಕನ್ನಡ, ಶಾಲೆಯೂ ಕನ್ನಡದ್ದೇ. ಮೂವತ್ತು ವರ್ಷದಿಂದ ಇಲ್ಲಿದ್ದಾರೆ. ಆಮೇಲೆ ಆ ಕಚೇರಿಯಲ್ಲಿ ನಮ್ಮಿಬ್ಬರ ಮಾತು ಕನ್ನಡದಲ್ಲೇ. ‘ತಮ್ಮಾರ’ ಎಂಬುದು ಎರಡನೇ ಭೇಟಿಗೆ ‘ತಮ್ಮಾ’ ಆಯಿತು.

ಹಳೆಯ ಕಂಪ್ಯೂಟರಿನ ಮೇಲೆ 8.0 ಹಾಕಿ ತಾಲೀಮು ಸಿದ್ಧವಾದಾಗ ನಾನು ಕಾಕಾ ಅವರಲ್ಲಿ ಒಂದು ಕೆಲಸ ಕೇಳಿಕೊಂಡೆ. ಮಾರ್ಚ್ ತಿಂಗಳ ಒಂದು ದಿನದ ಪಾವತಿಯನ್ನು, ಅಂದು ಹೇಗೆ ಮಾಡಿದ್ದರೋ ಹಾಗೆಯೇ, ಈ ಹೊಸ ಯಂತ್ರದಲ್ಲಿ ಮತ್ತೆ ಮಾಡಿ ತೋರಿಸಬೇಕು. ಬ್ಯಾಂಕಿಗೆ ಕಳಿಸುವುದು ಬೇಡ, ಹಾಳೆ ಮಾತ್ರ ಸಿದ್ಧವಾಗಲಿ. ನಮ್ಮ ತಂಡದ ಹುಡುಗರು ಅಷ್ಟರಲ್ಲಿ ಎಲ್ಲ ವರದಿಗಳನ್ನೂ ಓಡಿಸಿ, ಮೊತ್ತಗಳನ್ನು ಹೋಲಿಸಿ, ಎಲ್ಲವೂ ಸರಿ ಎಂದು ಗುರುತು ಹಾಕಿದ್ದರು.

ಕಾಕಾ ಹಳೆಯ ಮುದ್ರಿತ ಹಾಳೆ ಒಂದು ಕಡೆ, ಹೊಸದು ಒಂದು ಕಡೆ ಇಟ್ಟುಕೊಂಡು, ನಡುವೆ ಸ್ಟೀಲ್ ಅಳತೆಪಟ್ಟಿ ಜರುಗಿಸುತ್ತ ಹೊರಟರು. ಹತ್ತು ನಿಮಿಷ ಆಗಿರಲಿಲ್ಲ.

‘ತಮ್ಮಾ, ಟೋಟಲ್ ಬರೋಬ್ಬರಿ ಐತಿ. ಆದ್ರ ಒಬ್ಬನ ರೊಕ್ಕ ಇನ್ನೊಬ್ಬನ ಹೆಸರಿನ ಮುಂದ ಬಂದೈತಿ ನೋಡು.’

ನೋಡಿದೆ. ನಿಜ. ಒಟ್ಟು ಮೊತ್ತದಲ್ಲಿ ಒಂದು ಪೈಸೆ ವ್ಯತ್ಯಾಸವಿಲ್ಲ. ಸಾಲುಗಳು ಮಾತ್ರ ಅದಲುಬದಲು.

ಆಗಿದ್ದು ಇಷ್ಟು. ಕಾಕಾ ಪ್ರತಿ ಪಾವತಿಗೂ ಎರಡು ವರದಿ ತೆಗೆಯುತ್ತಿದ್ದರು. ಒಂದರಲ್ಲಿ ರೈತನ ಹೆಸರು, ಖಾತೆ ಸಂಖ್ಯೆ. ಇನ್ನೊಂದರಲ್ಲಿ ಕೊಡಬೇಕಾದ ಮೊತ್ತ. ಎರಡೂ ರೈತನ ಕೋಡ್‌ನ ಕ್ರಮದಲ್ಲೇ ಬರುತ್ತಿದ್ದವು. ಒಂದರ ಅಂಕಣವನ್ನು ಎತ್ತಿ ಇನ್ನೊಂದರ ಪಕ್ಕ ಅಂಟಿಸಿದರೆ ಬ್ಯಾಂಕಿನ ಹಾಳೆ ಸಿದ್ಧ. ಈ ರೂಢಿ ನಮ್ಮ ಯಾವ ದಾಖಲೆಯಲ್ಲೂ ಇರಲಿಲ್ಲ. ಮೊತ್ತದ ವರದಿ ಬರೆದ ಪ್ರೋಗ್ರಾಮರ್ ಯಾರೋ ರೈತನ ಕೋಡ್ ಪ್ರಕಾರ ಒಟ್ಟುಗೂಡಿಸು ಎಂದು ಗ್ರೂಪ್ ಬೈ ಹಾಕಿದ್ದ, ಆ ಕ್ರಮದಲ್ಲೇ ಜೋಡಿಸು ಎಂದು ಆರ್ಡರ್ ಬೈ ಹಾಕಿರಲಿಲ್ಲ. 5.7ರವರೆಗೆ ಗ್ರೂಪ್ ಬೈ ಹಾಕಿದರೆ ಫಲಿತಾಂಶ ಅದೇ ಕ್ರಮದಲ್ಲಿ ತಾನಾಗಿ ಜೋಡಣೆಯಾಗಿ ಬರುತ್ತಿತ್ತು. 8.0ರಲ್ಲಿ ಆ ಅಭ್ಯಾಸವನ್ನು ಕೈಬಿಟ್ಟಿದ್ದಾರೆ. ಕೇಳದಿದ್ದರೆ ಜೋಡಿಸುವುದಿಲ್ಲ, ಯಾವ ಕ್ರಮ ಸುಲಭವೋ ಆ ಕ್ರಮದಲ್ಲಿ ಕೊಡುತ್ತದೆ. ಬದಲಾವಣೆ ನ್ಯಾಯವಾದದ್ದೇ, ಕೈಪಿಡಿಯಲ್ಲೂ ಬರೆದಿದೆ. ಆದರೆ ದೋಷದ ಸಂದೇಶ ಬರುವುದಿಲ್ಲ, ಏಕೆಂದರೆ ಡೇಟಾಬೇಸಿನ ದೃಷ್ಟಿಯಲ್ಲಿ ದೋಷವೇ ಇಲ್ಲ.

ಬ್ಯಾಂಕು ದುಡ್ಡು ಜಮೆ ಮಾಡುವುದು ಖಾತೆ ಸಂಖ್ಯೆ ನೋಡಿ. ಈ ಹಾಳೆ ಹಾಗೆಯೇ ಹೋಗಿದ್ದರೆ ಎಲ್ಲ ಪಾವತಿಗಳೂ ಸಲೀಸಾಗಿ ಆಗುತ್ತಿದ್ದವು. ಒಟ್ಟು ತಾಳೆಯಾಗುತ್ತಿತ್ತು. ಎರಡು ಎಕರೆಯವನಿಗೆ ಇಪ್ಪತ್ತು ಎಕರೆಯವನ ದುಡ್ಡು, ಇಪ್ಪತ್ತು ಎಕರೆಯವನಿಗೆ ಎರಡು ಎಕರೆಯ ದುಡ್ಡು. ಗೊತ್ತಾಗುತ್ತಿದ್ದದ್ದು ನಾಲ್ಕು ದಿನ ಬಿಟ್ಟು, ಸಿಟ್ಟಾದ ಯಾರದೋ ಫೋನ್ ಬಂದ ಮೇಲೆ. ಅಷ್ಟರಲ್ಲಿ ಒಬ್ಬ ಔಷಧಿ ಅಂಗಡಿಯ ಸಾಲ ತೀರಿಸಿರುತ್ತಾನೆ, ಇನ್ನೊಬ್ಬನಿಗೆ ಸೊಸೈಟಿಯ ಕಂತು ತಪ್ಪಿರುತ್ತದೆ. ಈ ಸಂಸ್ಥೆಗೆ ರೈತರು ಹಣ್ಣು ಕೊಡುವುದು ದುಡ್ಡು ಸರಿಯಾಗಿ ಬರುತ್ತದೆಂಬ ನಂಬಿಕೆಯ ಮೇಲೆ. ಅದು ಹೋದರೆ ಯಾವ ಬ್ಯಾಕಪ್‌ನಿಂದಲೂ ವಾಪಸ್ ಬರುವುದಿಲ್ಲ.

ಅಂದೇ ಎರಡು ಕೆಲಸ ಮಾಡಿದೆವು. ಗ್ರೂಪ್ ಬೈ ಇದ್ದ ಕಡೆಯೆಲ್ಲ ಆರ್ಡರ್ ಬೈ ಬರೆದೆವು. ಹೆಸರು, ಖಾತೆ, ಮೊತ್ತ ಮೂರೂ ಒಂದೇ ವರದಿಯಲ್ಲಿ ಬರುವಂತೆ ಮಾಡಿ ಅಂಟಿಸುವ ಪದ್ಧತಿಯನ್ನೇ ನಿಲ್ಲಿಸಿದೆವು. ಕಾಕಾಗೆ ಎರಡನೆಯದು ಅಷ್ಟೇನೂ ಇಷ್ಟವಾಗಲಿಲ್ಲ. ‘ನನ್ನ ಕೆಲಸ ನೀವೇ ಮಾಡಿದ್ರ ನಾ ಏನ್ ಮಾಡ್ಲಿ?’ ಎಂದರು. ಅಳತೆಪಟ್ಟಿ ಹಿಡಿದು ತಾಳೆ ನೋಡುವ ಕೆಲಸ ಮಾತ್ರ ನಿಮ್ಮದೇ ಎಂದು ಒಪ್ಪಿಸಿದೆ.

ಇಷ್ಟರಲ್ಲಿ ಪ್ಯಾಕ್‌ಹೌಸ್ ಮ್ಯಾನೇಜರ್ ಒಂದು ಸಲಹೆ ತಂದರು. 2023ರಲ್ಲಿ ಔರಂಗಾಬಾದ್ ಅಧಿಕೃತವಾಗಿ ಛತ್ರಪತಿ ಸಂಭಾಜಿನಗರವಾಯಿತು. ನಮ್ಮ ಡೇಟಾಬೇಸಿನಲ್ಲಿ ಮಾತ್ರ ಹಳೆಯ ಹೆಸರೇ ಕೂತಿತ್ತು, ಅದೂ ನಾಲ್ಕು ಬಗೆಯ ಕಾಗುಣಿತದಲ್ಲಿ. ‘ಹೇಗೂ ಆ ರಾತ್ರಿ ಎಲ್ಲ ಬಂದ್ ಮಾಡ್ತೀರಿ, ಅದನ್ನೂ ಬದಲಾಯಿಸಿಬಿಡಿ’ ಎಂದರು. ನಾನು ಒಪ್ಪಲಿಲ್ಲ. ಈ ವಿಷಯದಲ್ಲಿ ನನಗೆ ಸ್ವಂತ ಅನುಭವವಿದೆ. 2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ಊರುಗಳ ಹೆಸರು ಬದಲಾದಾಗ ನಮ್ಮ ಬಿಜಾಪುರ ವಿಜಯಪುರವಾಯಿತು. ನನ್ನ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಒಂದು. ಎರಡೂ ಒಂದೇ ಊರೆಂದು ಎಷ್ಟು ಕೌಂಟರ್‌ಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಊರಿಗೆ ಹೆಸರು ಬದಲಾಗಬಹುದು, ಆದ್ದರಿಂದ ಡೇಟಾಬೇಸಿನಲ್ಲಿ ಊರನ್ನು ಗುರುತಿಸಬೇಕಾದದ್ದು ಬದಲಾಗದ ಒಂದು ಕೋಡ್‌ನಿಂದ. ಹೆಸರು ಒಂದೇ ಕಡೆ ಇರಬೇಕು. ಮುಂಚೆ ಕೊಟ್ಟ ಬಿಲ್ಲುಗಳಲ್ಲಿ ಅಂದಿನ ಹೆಸರೇ ಉಳಿಯಬೇಕು. ಇದು ಆಗಬೇಕಾದ ಕೆಲಸವೇ, ಆದರೆ ಬೇರೆಯೇ ಕೆಲಸ. ಅಪ್‌ಗ್ರೇಡ್ ರಾತ್ರಿ ಅದನ್ನೂ ಸೇರಿಸಿದರೆ, ಬೆಳಿಗ್ಗೆ ಒಂದು ವರದಿ ತಪ್ಪಾಗಿ ಬಂದಾಗ ತಪ್ಪು ಹೊಸ ವರ್ಷನ್ನಿನದೋ ಹೊಸ ಹೆಸರಿನದೋ ಎಂದು ಹೇಳುವುದು ಹೇಗೆ? ಹೆಸರಿನ ಕೆಲಸವನ್ನು ಆಗಸ್ಟ್‌ಗೆ ಇಟ್ಟುಕೊಂಡೆವು.

ಮೊದಲು ಏರಿದ್ದು ಸಂಭಾಜಿನಗರದ ರೆಪ್ಲಿಕಾ. ಮುಖ್ಯ ಸರ್ವರ್ 5.7, ರೆಪ್ಲಿಕಾ 8.0 ಆಗಿದ್ದರೆ ಮೈಎಸ್‌ಕ್ಯುಎಲ್ ಒಪ್ಪುತ್ತದೆ. ಉಲ್ಟಾ ಇದ್ದರೆ ಬೆಂಬಲವಿಲ್ಲ. ಆದ್ದರಿಂದ ಯಾವಾಗಲೂ ರೆಪ್ಲಿಕಾ ಮೊದಲು. ಗಿಟ್‌ಹಬ್‌ನವರು ತಮ್ಮ 1200ಕ್ಕೂ ಹೆಚ್ಚು ಮೈಎಸ್‌ಕ್ಯುಎಲ್ ಯಂತ್ರಗಳನ್ನು 8.0ಕ್ಕೆ ಏರಿಸಿದ್ದೂ ಹೀಗೆಯೇ, ರೆಪ್ಲಿಕಾಗಳಿಂದ ಶುರುಮಾಡಿ. ಅದಕ್ಕೆ ಅವರಿಗೆ ಒಂದು ವರ್ಷದ ಮೇಲೆ ಹಿಡಿಯಿತು. ವಾಪಸ್ ಬರುವ ದಾರಿಗೆಂದು ಹಳೆಯ 5.7ರ ಕೆಲವು ಯಂತ್ರಗಳನ್ನೂ ಪಕ್ಕದಲ್ಲಿ ಜೀವಂತ ಇಟ್ಟುಕೊಂಡಿದ್ದರು. ಅವರದು ಸಾವಿರದ ಲೆಕ್ಕ, ನಮ್ಮದು ಎರಡು. ವಿಧಾನ ಒಂದೇ.

ನಾಸಿಕ್‌ನ ಸರದಿ ಜುಲೈನ ಒಂದು ಶನಿವಾರ ರಾತ್ರಿ ಬಂತು. ಕಿಟಕಿಯ ಹೊರಗೆ ಮಳೆ. ವಿದ್ಯುತ್ ಎರಡು ಸಲ ಬಂದು ಹೋಗಿತ್ತು. ಅದಕ್ಕೆಂದೇ ಯುಪಿಎಸ್ ಬ್ಯಾಟರಿ ಪರೀಕ್ಷಿಸಿ, ಜನರೇಟರಿಗೆ ಡೀಸೆಲ್ ತುಂಬಿಸಿ ಇಟ್ಟಿದ್ದೆವು. ಎಲ್ಲ ಪ್ರೋಗ್ರಾಮುಗಳನ್ನು ನಿಲ್ಲಿಸಿದ ಮೇಲೆ ರೆಪ್ಲಿಕಾ ಪೂರ್ತಿ ಜೊತೆಗೂಡಿದೆಯೇ ನೋಡಿ, ಅದರ ಸಂಪರ್ಕ ಕಡಿದೆವು. ನಾಸಿಕ್‌ನಲ್ಲಿ ಏನಾದರೂ ಹೆಚ್ಚುಕಮ್ಮಿ ಆದರೆ ಆ ಗಾಯ ಅಲ್ಲಿಗೂ ಹಬ್ಬಬಾರದು. ಸರ್ವರ್ ಅನ್ನು ಅವಸರವಿಲ್ಲದ ವಿಧಾನದಲ್ಲಿ, ಬಾಕಿ ಉಳಿದ ಬರವಣಿಗೆಯನ್ನೆಲ್ಲ ಮುಗಿಸಿಕೊಂಡು ನಿಲ್ಲುವಂತೆ ನಿಲ್ಲಿಸಿದೆವು. ನಿಂತ ಸರ್ವರ್‌ನ ಡೇಟಾ ಫೋಲ್ಡರನ್ನು ಇಡಿಯಾಗಿ ಬೇರೆ ಡಿಸ್ಕ್‌ಗೆ ನಕಲು ಮಾಡಿದೆವು. ಬ್ಯಾಕಪ್‌ನಿಂದ ವಾಪಸ್ ಬರಲು ಐದು ಗಂಟೆ ಬೇಕಲ್ಲವೇ? ಈ ನಕಲಿನಿಂದ ಬರಲು ಇಪ್ಪತ್ತೈದು ನಿಮಿಷ ಸಾಕು. ಅದನ್ನೂ ತಾಲೀಮಿನಲ್ಲಿ ಅಳೆದು ನೋಡಿದ್ದೆವು.

ಗೋಡೆಯ ಬಿಳಿ ಹಲಗೆಯ ಮೇಲೆ ದೊಡ್ಡದಾಗಿ ಎರಡು ಸಾಲು ಬರೆದಿದ್ದೆ. ‘ಮುಂಜಾನೆ ನಾಲ್ಕರೊಳಗೆ ಸರಿ ಹೋಗದಿದ್ದರೆ ವಾಪಸ್.’ ಕೆಳಗೆ: ‘ಮೊದಲ ಹೊಸ ಎಂಟ್ರಿ ಆಗುವವರೆಗೆ ಮಾತ್ರ ವಾಪಸ್.’ ಎರಡನೆಯದೇ ಮುಖ್ಯ. ಹೊಸ ಸರ್ವರ್‌ನಲ್ಲಿ ಒಬ್ಬ ಗುಮಾಸ್ತ ಒಂದು ಬಿಲ್ ಹಾಕಿದನೆಂದರೆ, ಆಮೇಲೆ ಹಿಂದಕ್ಕೆ ಹೋದರೆ ಆ ಬಿಲ್ ಕಳೆದುಹೋಗುತ್ತದೆ. ಬಾಗಿಲು ಮುಚ್ಚುವ ಗಳಿಗೆ ಅದು. ಅದನ್ನು ಯಂತ್ರಕ್ಕೆ ಬಿಡದೆ ಒಬ್ಬ ಮನುಷ್ಯ ತಿಳಿದೇ ಮುಚ್ಚಬೇಕು. ಅದಕ್ಕಾಗಿ ಹೊರಗಿನ ಯಾವ ಕಂಪ್ಯೂಟರೂ ತಾನಾಗಿ ಸೇರಿಕೊಳ್ಳದಂತೆ ಸಂಪರ್ಕ ಬಂದ್ ಮಾಡಿದ್ದೆವು.

8.0 ಮೊದಲ ಸಲ ಏಳುವಾಗ ಒಳಗಿನ ಪರಿವರ್ತನೆಯನ್ನೆಲ್ಲ ತಾನೇ ಮಾಡಿಕೊಳ್ಳುತ್ತದೆ. ನಾವು ಮಾಡುವುದೇನಿಲ್ಲ, ಲಾಗ್ ನೋಡುತ್ತ ಕೂರುವುದು. ಹನ್ನೊಂದು ನಿಮಿಷದಲ್ಲಿ ಎದ್ದಿತು. ಆಮೇಲೆ ತಾಳೆ. ಪ್ರತಿ ಟೇಬಲ್ಲಿನ ಸಾಲುಗಳ ಎಣಿಕೆ, ಪ್ರತಿ ಹಂಗಾಮಿನ ಒಟ್ಟು ಕಿಲೋ, ಪ್ರತಿ ರೈತನ ಬಾಕಿ. ರಾತ್ರಿ ಎರಡೂವರೆಗೆ ಎಲ್ಲ ಮುಗಿದಿತ್ತು. ಆದರೂ ಸಂಪರ್ಕ ತೆರೆಯಲಿಲ್ಲ. ಭಾನುವಾರ ಬೆಳಿಗ್ಗೆ ಕಾಕಾ ಸಂಭಾಜಿನಗರದ ಕಚೇರಿಗೆ ಬಂದು, ಓದಲು ಮಾತ್ರ ಅವಕಾಶವಿದ್ದ ಲಾಗಿನ್‌ನಿಂದ ಮೂರು ದಿನಗಳ ಪಾವತಿ ಹಾಳೆ ತೆಗೆದು, ಅಳತೆಪಟ್ಟಿ ಜರುಗಿಸಿ ನೋಡಿದರು. ಮಧ್ಯಾಹ್ನ ಫೋನ್ ಬಂತು. ‘ಸಾಲು ಸಾಲಿಗೆ ಕೂಡ್ಯಾವ. ಇನ್ನ ತಗಿ ತಮ್ಮಾ ಬಾಗ್ಲ.’

ಆಮೇಲೆ ಹೇಳುವಂಥದ್ದು ಹೆಚ್ಚೇನೂ ಆಗಲಿಲ್ಲ, ಆಗಬೇಕಾದದ್ದೂ ಹಾಗೆಯೇ. ಒಂದು ವರದಿ ಮೊದಲಿಗಿಂತ ನಿಧಾನವಾಯಿತು, ಒಂದು ಇಂಡೆಕ್ಸ್ ಸೇರಿಸಿದ ಮೇಲೆ ಸರಿಹೋಯಿತು. ಆಗಸ್ಟ್‌ನಲ್ಲಿ ಊರಿನ ಹೆಸರಿನ ಕೆಲಸ ಮುಗಿಸಿದೆವು. 2025ರ ಜನವರಿಯಲ್ಲಿ ಕಂಟೇನರ್‌ಗಳು ಬಂದು ನಿಂತಾಗ ಡೇಟಾಬೇಸ್ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ.

8.0ರ ಆಯುಸ್ಸೂ 2026ರ ಏಪ್ರಿಲ್‌ಗೆ ಮುಗಿಯುತ್ತದೆ ಎಂದು ಮೊದಲೇ ಗೊತ್ತಿತ್ತು. ಏಪ್ರಿಲ್ ಎಂದರೆ ಸುಗ್ಗಿಯ ಕೊನೆಯ ಭರಾಟೆ. ಸಾಫ್ಟ್‌ವೇರ್ ಕಂಪನಿಯ ಕ್ಯಾಲೆಂಡರಿಗೆ ದ್ರಾಕ್ಷಿ ಗೊತ್ತಿರುವುದಿಲ್ಲ. 5.7ರಿಂದ ನೇರವಾಗಿ 8.4ಕ್ಕೆ ಜಿಗಿಯಲು ಬರುವುದಿಲ್ಲ, 8.0ರ ಮೆಟ್ಟಿಲು ಹತ್ತಿಯೇ ಹೋಗಬೇಕು. ಆ ಮೆಟ್ಟಿಲು ಆಗಲೇ ಹತ್ತಿದ್ದರಿಂದ 2025ರ ಮಳೆಗಾಲದಲ್ಲೇ 8.4ಕ್ಕೆ ಹೋದೆವು. ಅದೇ ಪಟ್ಟಿ, ಅದೇ ಬಿಳಿ ಹಲಗೆ, ಅದೇ ಅಳತೆಪಟ್ಟಿ. ಈ ಸಲ ಒಂದು ಸಂಜೆ ಸಾಕಾಯಿತು.

ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರು ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್‌ಗಳಲ್ಲಿ ಇಂಥದೇ ಕೆಲಸದಲ್ಲಿರುತ್ತೀರಿ. ಇನ್ನು ಕೆಲವರು ಡಾಕ್ಟರ್ ಇರಬಹುದು, ಹೋಟೆಲ್ ನಡೆಸುತ್ತಿರಬಹುದು, ಕನ್ನಡ ಸಂಘದ ಸದಸ್ಯರ ಪಟ್ಟಿ ನೋಡಿಕೊಳ್ಳುತ್ತಿರಬಹುದು. ನಿಮ್ಮ ಕಡೆಯೂ ಎಲ್ಲೋ ಒಂದು ಮೂಲೆಯಲ್ಲಿ ಹಳೆಯ ಡೇಟಾಬೇಸ್ ಓಡುತ್ತಿರುತ್ತದೆ. ಆಪರೇಟಿಂಗ್ ಸಿಸ್ಟಂ ಏರಿಸುವಾಗ ಅದರ ಜೊತೆ ಅದೂ ಸದ್ದಿಲ್ಲದೆ ಏರಬಹುದು. ಉಬುಂಟು 18.04ರಿಂದ 20.04ಕ್ಕೆ ಹೋದವರ ಮೈಎಸ್‌ಕ್ಯುಎಲ್ ಹಾಗೆಯೇ 5.7ರಿಂದ 8.0 ಆಯಿತು. ಅದಕ್ಕೆ ಮುಂಚೆ ನಾಲ್ಕು ಕೆಲಸ ಮಾಡಿ. ಬ್ಯಾಕಪ್ ಅನ್ನು ಬೇರೆ ಯಂತ್ರದಲ್ಲಿ ತುಂಬಿ ನೋಡಿ, ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಹಿಂದಕ್ಕೆ ಬರುವ ಬಾಗಿಲು ಯಾವಾಗ ಮುಚ್ಚುತ್ತದೆ, ಮುಚ್ಚುವವರು ಯಾರು ಎಂದು ಮೊದಲೇ ನಿಶ್ಚಯಿಸಿ. ಮತ್ತು ದಿನವೂ ಆ ಲೆಕ್ಕದ ಜೊತೆ ಬದುಕುವ ಹಿರಿಯರೊಬ್ಬರನ್ನು ಕರೆದು, ನೀವು ಹೇಗೆ ಮಾಡುತ್ತೀರೋ ಹಾಗೆಯೇ ಮಾಡಿ ತೋರಿಸಿ ಎಂದು ಕೇಳಿ. ಅವರ ಎದುರು ಸುಮ್ಮನೆ ಕೂತು ನೋಡಿ. ಯಾವ ಕೈಪಿಡಿಯಲ್ಲೂ ಇಲ್ಲದ್ದು ಅಲ್ಲಿ ಸಿಗುತ್ತದೆ.